ವಿಂಡೋ ಕುಗ್ಗಿಸಿದರೂ ಪುಟ ಕದಲಬಾರದು: ಸ್ಥಿರ ಅಗಲದ ವೆಬ್ ಲೇಔಟ್‌ಗೆ ಸಮಗ್ರ ಮಾರ್ಗದರ್ಶಿ

ಪೂರ್ತಿ ಸ್ಕ್ರೀನ್‌ನಲ್ಲಿ ನೋಡಿದಾಗ ಪುಟ ಅಚ್ಚುಕಟ್ಟಾಗಿ ಕೂತಿರುತ್ತದೆ. ಬ್ರೌಸರ್ ವಿಂಡೋದ ಅಂಚು ಹಿಡಿದು ಸ್ವಲ್ಪ ಒಳಗೆ ಎಳೆದರೆ ಸಾಕು, ಮೆನು ಎರಡು ಸಾಲಾಗುತ್ತದೆ, ಬಲಗಡೆಯ ಕಾಲಂ ಕೆಳಗೆ ಬೀಳುತ್ತದೆ, ಲೋಗೋ ಮೇಲೆ ಬಟನ್ ಹತ್ತಿ ಕೂರುತ್ತದೆ. ಇದನ್ನು ಸರಿಮಾಡಲು ಹೊರಟವರು ಸಾಮಾನ್ಯವಾಗಿ ಕಣ್ಣಿಗೆ ಬಿದ್ದ ಮೊದಲ ಪೆಟ್ಟಿಗೆಗೆ ಒಂದು ವಿಡ್ತ್ (ಅಗಲ) ಕೊಡುತ್ತಾರೆ. ಅದು ನಿಂತರೆ ಪಕ್ಕದ್ದು ಜಾರುತ್ತದೆ. ಅದಕ್ಕೂ ಕೊಟ್ಟರೆ ಇನ್ನೊಂದು. ಇಪ್ಪತ್ತು ಕಡೆ ಅಂಕಿ ತುಂಬಿದ ಮೇಲೂ ಪುಟ ಅಲ್ಲಾಡುತ್ತಲೇ ಇರುತ್ತದೆ.

ಹೀಗಾಗುವುದು ಕ್ರಮ ತಪ್ಪುವುದರಿಂದ. ಪುಟದ ಪ್ರತಿ ಪೆಟ್ಟಿಗೆಯೂ ತನ್ನ ಅಗಲವನ್ನು ಹೊರಗಿನ ಪೆಟ್ಟಿಗೆಯನ್ನು ಕೇಳಿ ತಿಳಿದುಕೊಳ್ಳುತ್ತದೆ. ಹೊರಗಿನದು ತನ್ನ ಹೊರಗಿನದನ್ನು ಕೇಳುತ್ತದೆ. ಕೇಳುತ್ತಾ ಕೇಳುತ್ತಾ ಹೋದರೆ ಕೊನೆಗೆ ಸಿಗುವುದು ಬ್ರೌಸರ್ ವಿಂಡೋ. ಈ ಸರಪಳಿಯನ್ನು ಒಂದೇ ಕಡೆ ಕಡಿಯಬೇಕು, ಅದನ್ನೂ ಆದಷ್ಟು ಹೊರಗೇ ಕಡಿಯಬೇಕು. ಆಮೇಲೆ ಒಳಗಿನವಕ್ಕೆ ವಿಂಡೋ ಎಷ್ಟಿದೆ ಅನ್ನೋದೇ ತಿಳಿಯುವುದಿಲ್ಲ. ಕೆಳಗಿನ ಹಂತಗಳು ಹೊರಗಿನಿಂದ ಒಳಗೆ ಹೋಗುತ್ತವೆ. ದಯವಿಟ್ಟು ಇದೇ ಕ್ರಮದಲ್ಲಿ ಮಾಡಿ.

ಒಂದು ಮಾತು. ಸಿಎಸ್‌ಎಸ್, ಅಂದರೆ ಪುಟದ ರೂಪ ಹೇಳುವ ಭಾಷೆ. ಅದರ ಹೆಸರುಗಳನ್ನು ನಾವು ಬಾಯಲ್ಲಿ ಹೇಳುವ ಹಾಗೇ ಇಲ್ಲಿ ಬರೆದಿದ್ದೇನೆ. ಫೈಲ್‌ನಲ್ಲಿ ಎಂದಿನಂತೆ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಿ. ‘ಮಿನ್-ವಿಡ್ತ್’ ಎಂದಲ್ಲಿ ನಡುವಿನ ಅಡ್ಡಗೆರೆಯೂ ಹೆಸರಿನ ಭಾಗವೇ.

## ಶುರು ಮಾಡುವ ಮುಂಚೆ

ಒಂದು ಎಡಿಟರ್, ಕನಿಷ್ಠ ಎರಡು ಬೇರೆ ಬೇರೆ ಬ್ರೌಸರ್, ಈಗಿನ ಫೈಲ್‌ಗಳ ಒಂದು ಪ್ರತಿ. ಇಷ್ಟು ಸಾಕು. ಎಫ್12 ಒತ್ತಿದರೆ ಬ್ರೌಸರ್‌ನ ಡೆವಲಪರ್ ಟೂಲ್ಸ್ ತೆರೆಯುತ್ತದೆ. ಅಲ್ಲಿ ಯಾವುದೇ ಎಲಿಮೆಂಟ್ ಮೇಲೆ ಮೌಸ್ ಇಟ್ಟರೆ ಅದರ ಅಗಲ, ಎತ್ತರ ಕಾಣುತ್ತದೆ. ಊಹೆ ಮಾಡುವುದಕ್ಕಿಂತ ಅಳೆದು ನೋಡುವುದು ಸುಲಭ.

ಎಚ್‌ಟಿಎಂಎಲ್ ಫೈಲ್‌ನ ಮೊದಲ ಸಾಲಿನಲ್ಲಿ ಡಾಕ್‌ಟೈಪ್ ಇದೆಯೇ ಎಂದು ನೋಡಿ. ಇಲ್ಲದಿದ್ದರೆ ಬ್ರೌಸರ್ ಹಳೇ ಕಾಲದ ಕ್ವರ್ಕ್ಸ್ ಮೋಡ್‌ಗೆ ಹೋಗುತ್ತದೆ. ಅಲ್ಲಿ ಕೆಲವು ಅಳತೆಗಳ ಲೆಕ್ಕವೇ ಬೇರೆ.

ಇನ್ನೊಂದು ತಾತ್ಕಾಲಿಕ ಸಾಲು ಸಿಎಸ್‌ಎಸ್ ಫೈಲ್‌ನ ಕೊನೆಗೆ ಸೇರಿಸಿ: ನಕ್ಷತ್ರ ಚಿಹ್ನೆಯ ಸೆಲೆಕ್ಟರ್, ಅದಕ್ಕೆ 1 ಪಿಕ್ಸೆಲ್‌ನ ಕೆಂಪು ಔಟ್‌ಲೈನ್. ಪುಟದ ಎಲ್ಲ ಪೆಟ್ಟಿಗೆಗಳ ಸುತ್ತ ಗೆರೆ ಮೂಡುತ್ತದೆ. ಬಾರ್ಡರ್ ಹಾಕಬೇಡಿ, ಔಟ್‌ಲೈನ್ ಮಾತ್ರ. ಬಾರ್ಡರ್ ಜಾಗ ತಿನ್ನುತ್ತದೆ, ಔಟ್‌ಲೈನ್ ತಿನ್ನುವುದಿಲ್ಲ. ಪರೀಕ್ಷೆಗೆಂದು ಹಾಕಿದ ಗೆರೆಯೇ ಲೇಔಟ್ ಕೆಡಿಸಿದರೆ ತಪ್ಪು ಎಲ್ಲಿದೆ ಅಂತ ಹುಡುಕುವುದು ಹೇಗೆ?

## ಹಂತ 1: ಈ ಪುಟಕ್ಕೆ ನಿಜವಾಗಿ ಯಾವುದು ಬೇಕು?

‘ಪುಟ ಒಂದೇ ಅಳತೆಯಲ್ಲಿರಬೇಕು’ ಎನ್ನುವವರಲ್ಲಿ ಎರಡು ಗುಂಪು ಇದೆ. ಒಂದು ಗುಂಪಿಗೆ ಬೇಕಾಗಿರುವುದು, ದೊಡ್ಡ ಸ್ಕ್ರೀನ್‌ನಲ್ಲಿ ಸಾಲುಗಳು ಈ ತುದಿಯಿಂದ ಆ ತುದಿಗೆ ಹರಡಿಕೊಳ್ಳಬಾರದು ಅನ್ನೋದಷ್ಟೇ. ಲೇಖನ, ಪರಿಚಯ ಪುಟ, ಸುದ್ದಿ ಇಂಥವು ಈ ಗುಂಪಿಗೆ ಸೇರುತ್ತವೆ. ಇವಕ್ಕೆ ಸ್ಥಿರ ಅಗಲ ಬೇಡ. ಹೊರಗಿನ ಪೆಟ್ಟಿಗೆಗೆ ಮ್ಯಾಕ್ಸ್-ವಿಡ್ತ್ ಕೊಡಿ, ಕೆಲಸ ಮುಗಿಯಿತು. ವಿಂಡೋ ದೊಡ್ಡದಾದರೆ ಒಂದು ಮಿತಿಗೆ ನಿಲ್ಲುತ್ತದೆ, ಚಿಕ್ಕದಾದರೆ ಕುಗ್ಗುತ್ತದೆ.

ಎರಡನೇ ಗುಂಪಿಗೆ ನಿಜವಾಗಲೂ ಕದಲದ ಪುಟ ಬೇಕು. ಹತ್ತಾರು ಕಾಲಂ ಇರುವ ಲೆಕ್ಕದ ಪಟ್ಟಿ, ನಕ್ಷೆ, ಆಟದ ಬೋರ್ಡು, ಒಂದೇ ಸ್ಕ್ರೀನ್‌ಗೆ ಮಾಡಿದ ಡ್ಯಾಶ್‌ಬೋರ್ಡ್. ಇಲ್ಲಿ ಯಾವುದರ ಪಕ್ಕ ಯಾವುದು ಇದೆ ಅನ್ನೋದಕ್ಕೇ ಅರ್ಥ ಇರುತ್ತದೆ. ಸಾಲು ಮುರಿದರೆ ಓದುವವರಿಗೆ ತಪ್ಪು ತಿಳಿಯುತ್ತದೆ.

ಈ ಭೇದವನ್ನು ವೆಬ್‌ನ ಸುಲಭಬಳಕೆಯ ನಿಯಮಗಳೂ ಒಪ್ಪುತ್ತವೆ. 2018ರ ಡಬ್ಲ್ಯೂಸಿಎಜಿ 2.1ರ ನಿಯಮ 1.4.10 ಪ್ರಕಾರ, ಸಾಮಾನ್ಯ ಪುಟವನ್ನು 320 ಸಿಎಸ್‌ಎಸ್ ಪಿಕ್ಸೆಲ್ ಅಗಲದಲ್ಲೂ ಅಡ್ಡಡ್ಡ ಸ್ಕ್ರಾಲ್ ಮಾಡದೆ ಓದಲು ಆಗಬೇಕು. 1280 ಪಿಕ್ಸೆಲ್‌ನ ವಿಂಡೋವನ್ನು 400% ಜೂಮ್ ಮಾಡಿದಾಗ ಉಳಿಯುವುದು ಸರಿಯಾಗಿ 320. ದೃಷ್ಟಿ ಮಂದ ಇರುವವರು ಹೀಗೇ ಓದುತ್ತಾರೆ. ನಕ್ಷೆ, ಚಿತ್ರ, ಆಟ, ದತ್ತಾಂಶದ ಟೇಬಲ್‌ಗೆ ಆ ನಿಯಮದಲ್ಲೇ ವಿನಾಯಿತಿ ಇದೆ. ನಿಮ್ಮ ಪುಟ ಆ ವಿನಾಯಿತಿಯೊಳಗೆ ಬರುತ್ತದೆಯೇ ಎಂದು ಮೊದಲು ಕೇಳಿಕೊಳ್ಳಿ. ಬಾರದಿದ್ದರೆ ಮ್ಯಾಕ್ಸ್-ವಿಡ್ತ್‌ಗೆ ನಿಲ್ಲಿಸಿ. ಬರುತ್ತದೆ ಎಂದಾದರೆ ಮುಂದೆ ಓದಿ.

## ಹಂತ 2: ಒಂದು ಅಗಲ ಆರಿಸಿ, ಕಾಗದದ ಮೇಲೆ ಬರೆದಿಡಿ

ನಿಮ್ಮ ಸ್ಕ್ರೀನ್ ನೋಡಿ ಅಗಲ ಆರಿಸಬೇಡಿ. ಜಾಸ್ತಿ ಜನ ಎಡವುವುದು ಇಲ್ಲೇ.

1920 ಪಿಕ್ಸೆಲ್ ಸ್ಕ್ರೀನ್ ಇದೆ ಎಂದ ಮಾತ್ರಕ್ಕೆ ಪುಟಕ್ಕೆ 1920 ಸಿಗುವುದಿಲ್ಲ. ವಿಂಡೋಸ್‌ನಲ್ಲಿ ಡಿಸ್‌ಪ್ಲೇ ಸ್ಕೇಲಿಂಗ್ 125% ಇದ್ದರೆ ಬ್ರೌಸರ್‌ಗೆ ಸಿಗುವುದು 1536. 150% ಇದ್ದರೆ 1280. ಲ್ಯಾಪ್‌ಟಾಪ್‌ಗಳಲ್ಲಿ ಈ ಸ್ಕೇಲಿಂಗ್ ಕೊಂಡಾಗಲೇ ಇರುವುದು ಸಾಮಾನ್ಯ. ಅದರ ಮೇಲೆ ಉದ್ದನೆಯ ಸ್ಕ್ರಾಲ್‌ಬಾರ್ ಸುಮಾರು 15ರಿಂದ 17 ಪಿಕ್ಸೆಲ್ ಕಿತ್ತುಕೊಳ್ಳುತ್ತದೆ.

ಇನ್ನೊಂದು ಲೆಕ್ಕ ನೋಡಿ. ಎರಡು ವಿಂಡೋಗಳನ್ನು ಅಕ್ಕಪಕ್ಕ ಇಟ್ಟು ಕೆಲಸ ಮಾಡುವವರು ಬಹಳ. 1920ರ ಅರ್ಧ 960. ಆದ್ದರಿಂದ 960 ಅಗಲದ ಪುಟ ಸರಿಯಾಗಿ ಕೂರುತ್ತದೆ ಅನ್ನಿಸುತ್ತದೆ ಅಲ್ವಾ? ಕೂರುವುದಿಲ್ಲ. ಸ್ಕ್ರಾಲ್‌ಬಾರ್ ಕಳೆದರೆ ಉಳಿಯುವುದು 943ರಿಂದ 945. ಹದಿನೈದು ಪಿಕ್ಸೆಲ್‌ಗೋಸ್ಕರ ಕೆಳಗೆ ಅಡ್ಡ ಸ್ಕ್ರಾಲ್‌ಬಾರ್ ಬಂದು ಕೂರುತ್ತದೆ. 940 ಇಟ್ಟರೆ ಆ ಕಿರಿಕಿರಿ ಇಲ್ಲ.

940ಕ್ಕೆ ಇನ್ನೊಂದು ಅನುಕೂಲ ಇದೆ. 12 ಕಾಲಂ, ತಲಾ 60, ನಡುವೆ 11 ಸಂದು, ತಲಾ 20. ಒಟ್ಟು 720 ಮತ್ತು 220, ಅಂದರೆ 940. ಮೂರು ಕಾಲಂನ ಸೈಡ್‌ಬಾರ್ ಬೇಕೆಂದರೆ 220. ಉಳಿದ ಒಂಬತ್ತು ಕಾಲಂ ಸೇರಿ 700. ನಡುವೆ 20. ಈ ಮಾರ್ಗದರ್ಶಿಯಲ್ಲಿ ಇವೇ ಅಂಕಿಗಳನ್ನು ಬಳಸುತ್ತೇನೆ. ನಿಮ್ಮ ಪುಟಕ್ಕೆ 1200 ಬೇಕಾದರೆ ಇಟ್ಟುಕೊಳ್ಳಿ, ಆದರೆ ಕೂಡಿಸಿದಾಗ ಒಟ್ಟು ಸರಿಯಾಗಿ ಬರಬೇಕು.

## ಹಂತ 3: ಎಲ್ಲವನ್ನೂ ಒಂದೇ ಹೊರಪೆಟ್ಟಿಗೆಯೊಳಗೆ ತನ್ನಿ

ಬಾಡಿ ಟ್ಯಾಗ್‌ನ ಒಳಗೆ ಒಂದು ಡಿವ್ (ಬರೀ ಪೆಟ್ಟಿಗೆಯಾಗಿ ಬಳಸುವ ಟ್ಯಾಗ್) ಇಟ್ಟು, ಪುಟದಲ್ಲಿರುವುದನ್ನೆಲ್ಲ ಅದರೊಳಗೆ ಹಾಕಿ. ಅದಕ್ಕೆ ‘ಹೊರಪೆಟ್ಟಿಗೆ’ ಎಂದು ಕರೆಯೋಣ. ವಿಂಡೋ ಜೊತೆಗಿನ ಸರಪಳಿ ಕಡಿಯುವುದು ಇಲ್ಲಿ.

ಹೊರಪೆಟ್ಟಿಗೆಗೆ ಕೊಡಬೇಕಾದದ್ದು: ವಿಡ್ತ್ 940 ಪಿಕ್ಸೆಲ್. ಶೇಕಡಾ ಬೇಡ, ಅದು ಬಾಡಿಯನ್ನು ಕೇಳುತ್ತದೆ. ವಿಡಬ್ಲ್ಯೂ ಬೇಡವೇ ಬೇಡ, ಅದು ನೇರವಾಗಿ ವಿಂಡೋವನ್ನೇ ಕೇಳುತ್ತದೆ. ರೆಮ್ ಬಳಸಿದರೆ ಓದುಗರು ಬ್ರೌಸರ್‌ನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡಾಗ ಪೆಟ್ಟಿಗೆಯೂ ಹಿಗ್ಗುತ್ತದೆ. ಅದು ಕೆಟ್ಟದ್ದೇನಲ್ಲ, ಆದರೆ ಅಕ್ಷರದ ಜೊತೆ ಅಗಲವೂ ಬದಲಾಗುತ್ತದೆ ಎಂದು ತಿಳಿದು ಬಳಸಿ.

ಬಾಡಿಗೆ ಮಾರ್ಜಿನ್ (ಪೆಟ್ಟಿಗೆಯ ಹೊರಗಿನ ಖಾಲಿ ಅಂಚು) ಸೊನ್ನೆ ಮಾಡಿ. ಬ್ರೌಸರ್‌ಗಳು ತಾವಾಗಿಯೇ ಸುತ್ತ 8 ಪಿಕ್ಸೆಲ್ ಬಿಡುತ್ತವೆ. ಎರಡೂ ಬದಿ ಸೇರಿ 16. ಹಿಂದಿನ ಹಂತದಲ್ಲಿ ಅಷ್ಟು ಲೆಕ್ಕ ಹಾಕಿ ಉಳಿಸಿಕೊಂಡ ಜಾಗ ಹೀಗೆ ಸದ್ದಿಲ್ಲದೆ ಹೋಗುತ್ತದೆ.

ಎಲ್ಲ ಎಲಿಮೆಂಟ್‌ಗಳಿಗೂ ಬಾಕ್ಸ್-ಸೈಜಿಂಗ್ ಬಾರ್ಡರ್-ಬಾಕ್ಸ್ ಎಂದು ಕೊಡಿ. ಇದಿಲ್ಲದಿದ್ದರೆ 220 ಎಂದು ನೀವು ಬರೆದದ್ದು ಒಳಗಿನ ವಿಷಯದ ಅಗಲ ಮಾತ್ರ. ಪ್ಯಾಡಿಂಗ್ (ಪೆಟ್ಟಿಗೆಯ ಒಳಗಿನ ಖಾಲಿ ಅಂಚು) ಎರಡೂ ಕಡೆ 15 ಇದ್ದು, 1 ಪಿಕ್ಸೆಲ್ ಬಾರ್ಡರ್ ಇದ್ದರೆ ಪೆಟ್ಟಿಗೆ ನಿಜವಾಗಿ ಹಿಡಿಯುವ ಜಾಗ 252. ಬಾರ್ಡರ್-ಬಾಕ್ಸ್ ಇದ್ದರೆ 220 ಅಂದರೆ 220.

ಇಷ್ಟಾದ ಮೇಲೂ ಅಗಲ ಬದಲಾಗುತ್ತಿದ್ದರೆ ಬೇರೆಲ್ಲೋ ಮಿನ್-ವಿಡ್ತ್ ಅಥವಾ ಮ್ಯಾಕ್ಸ್-ವಿಡ್ತ್ ಕೂತಿದೆ ಎಂದರ್ಥ. ಮ್ಯಾಕ್ಸ್-ವಿಡ್ತ್ ಯಾವಾಗಲೂ ವಿಡ್ತ್ ಅನ್ನು ಸೋಲಿಸುತ್ತದೆ. ಮಿನ್-ವಿಡ್ತ್ ಎರಡನ್ನೂ ಸೋಲಿಸುತ್ತದೆ. ರೆಡಿಮೇಡ್ ಫ್ರೇಮ್‌ವರ್ಕ್ ಬಳಸುವವರಿಗೆ ಇದು ಸಾಮಾನ್ಯ ತೊಂದರೆ. ಬೂಟ್‌ಸ್ಟ್ರ್ಯಾಪ್ 5ರ ಕಂಟೇನರ್‌ಗೆ ವಿಂಡೋ ಅಗಲ ನೋಡಿಕೊಂಡು ಮ್ಯಾಕ್ಸ್-ವಿಡ್ತ್ 540, 720, 960, 1140, 1320 ಎಂದು ಬದಲಾಗುತ್ತದೆ. ನೀವು ವಿಡ್ತ್ ಮಾತ್ರ ಬರೆದರೆ ಸಣ್ಣ ವಿಂಡೋದಲ್ಲಿ ಅದು ಲೆಕ್ಕಕ್ಕೇ ಬರುವುದಿಲ್ಲ. ಮ್ಯಾಕ್ಸ್-ವಿಡ್ತ್ ಅನ್ನೂ ‘ನನ್’ ಎಂದು ಬದಲಿಸಿ. ಕಾಲಂ ಕ್ಲಾಸ್‌ಗಳಲ್ಲಿ ನಡುವೆ ‘ಎಂಡಿ’, ‘ಎಲ್‌ಜಿ’ ಇರುವುದನ್ನು ಬಿಟ್ಟು ಬರೀ ಸಂಖ್ಯೆ ಇರುವುದನ್ನು ಬಳಸಿ. ಇಲ್ಲದಿದ್ದರೆ ಸಣ್ಣ ವಿಂಡೋದಲ್ಲಿ ಕಾಲಂಗಳು ಒಂದರ ಕೆಳಗೊಂದು ಬೀಳುತ್ತವೆ.

## ಹಂತ 4: ಮಧ್ಯಕ್ಕೆ ತನ್ನಿ, ಎಡ ಅಂಚು ಕಳೆಯದಂತೆ

ಈ ಹಂತದಲ್ಲಿ ಸ್ವಲ್ಪ ನಿಧಾನಿಸಿ. ಇಲ್ಲಿನ ತಪ್ಪು ದೊಡ್ಡ ಸ್ಕ್ರೀನ್‌ನಲ್ಲಿ ಕಾಣುವುದೇ ಇಲ್ಲ. ಕಾಣುವುದು ಸಣ್ಣ ವಿಂಡೋ ಇರುವವರಿಗೆ ಮಾತ್ರ.

ಸರಿಯಾದ ದಾರಿ ಹಳೆಯದೇ: ಹೊರಪೆಟ್ಟಿಗೆಗೆ ಎಡ ಬಲ ಮಾರ್ಜಿನ್ ಆಟೋ. ವಿಂಡೋ ದೊಡ್ಡದಿದ್ದರೆ ಉಳಿದ ಜಾಗ ಎರಡು ಕಡೆ ಸಮ ಹಂಚಿಕೆಯಾಗುತ್ತದೆ. ವಿಂಡೋ 940ಕ್ಕಿಂತ ಚಿಕ್ಕದಾದರೆ ಆಟೋ ಮಾರ್ಜಿನ್ ಸೊನ್ನೆಯಾಗುತ್ತದೆ. ಪೆಟ್ಟಿಗೆ ಎಡ ಅಂಚಿಗೆ ಅಂಟಿಕೊಂಡು ಬಲಗಡೆಗೆ ಮಾತ್ರ ಚಾಚುತ್ತದೆ. ಅಡ್ಡ ಸ್ಕ್ರಾಲ್‌ಬಾರ್ ಎಳೆದರೆ ಪೂರ್ತಿ ಸಿಗುತ್ತದೆ.

ತಪ್ಪು ದಾರಿ ಇದು: ಪೊಸಿಷನ್ ಆ್ಯಬ್ಸೊಲ್ಯೂಟ್, ಲೆಫ್ಟ್ 50%, ಮಾರ್ಜಿನ್-ಲೆಫ್ಟ್ ಮೈನಸ್ 470. ಇದೂ ಮಧ್ಯಕ್ಕೇ ತರುತ್ತದೆ. ಈಗ ವಿಂಡೋವನ್ನು 700ಕ್ಕೆ ಇಳಿಸಿ. 700ರ ಅರ್ಧ 350. ಅದರಲ್ಲಿ 470 ಕಳೆದರೆ ಮೈನಸ್ 120. ಪುಟದ ಎಡಗಡೆಯ 120 ಪಿಕ್ಸೆಲ್ ವಿಂಡೋದ ಆಚೆಗೆ ಹೋಯಿತು. ಬಲಕ್ಕೆ ಹೋದದ್ದನ್ನು ಸ್ಕ್ರಾಲ್ ಮಾಡಿ ತರಬಹುದು. ಎಡಕ್ಕೆ ಹೋದದ್ದಕ್ಕೆ ಸ್ಕ್ರಾಲ್ ಇಲ್ಲ. ಮೆನುವಿನ ಮೊದಲ ಪದ, ಟೇಬಲ್‌ನ ಕ್ರಮಸಂಖ್ಯೆ, ಹೆಸರಿನ ಮೊದಲ ಅಕ್ಷರಗಳು ಇರುವುದೇ ಅಲ್ಲಿ. ನೋಡುವವರು ಎಷ್ಟು ಎಳೆದರೂ ಸಿಗುವುದಿಲ್ಲ.

ಫ್ಲೆಕ್ಸ್ (ಪೆಟ್ಟಿಗೆಗಳನ್ನು ಸಾಲಾಗಿ ಜೋಡಿಸುವ ವಿಧಾನ) ಬಳಸಿ ಜಸ್ಟಿಫೈ-ಕಂಟೆಂಟ್ ಸೆಂಟರ್ ಕೊಟ್ಟು, ಪೆಟ್ಟಿಗೆ ಕುಗ್ಗದಂತೆ ಮಾಡಿದರೂ ಇದೇ ಕಥೆ. ಹೆಚ್ಚಾದ 240ರಲ್ಲಿ ಅರ್ಧ ಎಡಕ್ಕೆ, ಅರ್ಧ ಬಲಕ್ಕೆ ಚೆಲ್ಲುತ್ತದೆ. ಫ್ಲೆಕ್ಸ್ ಬೇಕೇ ಬೇಕು ಎಂದರೆ ಜಸ್ಟಿಫೈ-ಕಂಟೆಂಟ್ ಸೆಂಟರ್ ತೆಗೆದು, ಅದರೊಳಗೂ ಮಾರ್ಜಿನ್ ಆಟೋ ಬಳಸಿ, ಎಡ ಅಂಚು ಉಳಿಯುತ್ತದೆ.

ಮಧ್ಯದಲ್ಲಿರುವ ಪುಟಕ್ಕೆ ಇನ್ನೊಂದು ಸಣ್ಣ ಕಾಟ ಇದೆ. ಚಿಕ್ಕ ಪುಟದಿಂದ ಉದ್ದ ಪುಟಕ್ಕೆ ಹೋದಾಗ ಸ್ಕ್ರಾಲ್‌ಬಾರ್ ಬರುತ್ತದೆ, ಇಡೀ ಲೇಔಟ್ ಏಳೆಂಟು ಪಿಕ್ಸೆಲ್ ಎಡಕ್ಕೆ ಜಿಗಿಯುತ್ತದೆ. ಎಚ್‌ಟಿಎಂಎಲ್ ಎಲಿಮೆಂಟ್‌ಗೆ ಸ್ಕ್ರಾಲ್‌ಬಾರ್-ಗಟರ್ ಸ್ಟೇಬಲ್ ಎಂದು ಕೊಡಿ. ಹಳೇ ಬ್ರೌಸರ್‌ಗಳಿಗೆ ಓವರ್‌ಫ್ಲೋ-ವೈ ಸ್ಕ್ರಾಲ್ ಸಾಕು.

## ಹಂತ 5: ಹಿನ್ನೆಲೆ ಬಣ್ಣ ಅರ್ಧಕ್ಕೇ ನಿಲ್ಲುತ್ತಿದೆಯೇ?

ಹೆಡರ್‌ನ ಬಣ್ಣ ವಿಂಡೋದ ಈ ತುದಿಯಿಂದ ಆ ತುದಿವರೆಗೆ ಹರಡಬೇಕು, ಒಳಗಿನ ವಿಷಯ ಮಾತ್ರ 940ರಲ್ಲಿರಬೇಕು ಎಂದರೆ ಹೆಡರ್ ಅನ್ನು ಹೊರಪೆಟ್ಟಿಗೆಯ ಹೊರಗೆ ಇಟ್ಟು, ಅದರೊಳಗೆ ಇನ್ನೊಂದು 940ರ ಪೆಟ್ಟಿಗೆ ಇಡಬೇಕು. ಇಲ್ಲಿವರೆಗೆ ಎಲ್ಲರೂ ಸರಿಯಾಗಿ ಮಾಡುತ್ತಾರೆ.

ಈಗ ವಿಂಡೋವನ್ನು 700ಕ್ಕೆ ತಂದು ಬಲಕ್ಕೆ ಸ್ಕ್ರಾಲ್ ಮಾಡಿ. ಮೆನು ಮುಂದುವರಿಯುತ್ತದೆ, ಹಿಂದಿನ ನೀಲಿ ಬಣ್ಣ 700ಕ್ಕೇ ಕತ್ತರಿಸಿದಂತೆ ನಿಂತಿರುತ್ತದೆ. ಬಿಳಿ ಅಕ್ಷರಗಳಿದ್ದರೆ ಬಿಳಿ ಹಿನ್ನೆಲೆಯಲ್ಲಿ ಮಾಯವೇ ಆಗುತ್ತವೆ. ಹೆಡರ್ ಇನ್ನೂ ವಿಂಡೋವನ್ನೇ ಕೇಳುತ್ತಿದೆ, ಅದಕ್ಕೇ ಹೀಗೆ.

ಪರಿಹಾರ ಒಂದೇ ಸಾಲು: ಬಾಡಿಗೆ ಮಿನ್-ವಿಡ್ತ್ 940 ಪಿಕ್ಸೆಲ್. ದೊಡ್ಡ ವಿಂಡೋದಲ್ಲಿ ಬಾಡಿ ಹರಡುತ್ತದೆ, ಸಣ್ಣದರಲ್ಲಿ 940ಕ್ಕಿಂತ ಕೆಳಗಿಳಿಯುವುದಿಲ್ಲ. ಹೆಡರ್, ಫೂಟರ್ ಎರಡೂ ಸರಿಯಾಗುತ್ತವೆ.

## ಹಂತ 6: ಕಾಲಂಗಳನ್ನು ಬಿಗಿಮಾಡಿ

ಹೊಸದಾಗಿ ಬರೆಯುವವರು ಸುಮ್ನೆ ಗ್ರಿಡ್ (ಜಾಗವನ್ನು ಕಾಲಂ, ಸಾಲುಗಳಾಗಿ ಹಂಚುವ ವಿಧಾನ) ಬಳಸಿ. ಹೊರಪೆಟ್ಟಿಗೆಗೆ ಡಿಸ್‌ಪ್ಲೇ ಗ್ರಿಡ್, ಗ್ರಿಡ್-ಟೆಂಪ್ಲೇಟ್-ಕಾಲಮ್ಸ್‌ನಲ್ಲಿ 220 ಪಿಕ್ಸೆಲ್ ಮತ್ತು 700 ಪಿಕ್ಸೆಲ್, ಗ್ಯಾಪ್ 20 ಪಿಕ್ಸೆಲ್. ಇದರಲ್ಲಿ ಕಾಲಂ ಕುಗ್ಗುವ ಮಾತೇ ಇಲ್ಲ. ‘ಎಫ್‌ಆರ್’ ಎಂಬ ಅಳತೆ ಬಳಸುವಾಗ ಮಾತ್ರ ಹುಷಾರು. ಒಳಗೆ ಅಗಲವಾದ ವಸ್ತು ಬಂದರೆ 1ಎಫ್‌ಆರ್ ಕಾಲಂ ಹಿಗ್ಗಿ ಲೆಕ್ಕ ಕೆಡಿಸುತ್ತದೆ. ಅಲ್ಲಿ ಮಿನ್‌ಮ್ಯಾಕ್ಸ್ ಹಾಕಿ, ಕನಿಷ್ಠ ಸೊನ್ನೆ, ಗರಿಷ್ಠ 1ಎಫ್‌ಆರ್ ಎಂದು ಬರೆಯಿರಿ.

ಫ್ಲೆಕ್ಸ್ ಬಳಸಿದವರಿಂದ ಬರುವ ದೂರು ಇದು: ‘ಸೈಡ್‌ಬಾರ್‌ಗೆ 220 ಕೊಟ್ಟಿದ್ದೇನೆ, ಅಳೆದರೆ 160 ಬರುತ್ತಿದೆ.’ ಕಾರಣ ಹೇಳುತ್ತೇನೆ. ಫ್ಲೆಕ್ಸ್‌ನಲ್ಲಿ ವಿಡ್ತ್ ಒಂದು ಕೋರಿಕೆ ಮಾತ್ರ. ಜಾಗ ಸಾಲದಿದ್ದರೆ ಕುಗ್ಗು ಎಂಬ ಫ್ಲೆಕ್ಸ್-ಶ್ರಿಂಕ್ 1 ಮೊದಲಿನಿಂದಲೇ ಆನ್ ಆಗಿರುತ್ತದೆ. ಮುಖ್ಯ ಕಾಲಂಗೆ ಫ್ಲೆಕ್ಸ್ 1 ಎಂದಷ್ಟೇ ಬರೆದಿದ್ದೀರಿ, ಅದರೊಳಗೆ 760 ಅಗಲದ ಟೇಬಲ್ ಇದೆ ಅಂದುಕೊಳ್ಳಿ. ಮುಖ್ಯ ಕಾಲಂ ತನ್ನೊಳಗಿನ ಟೇಬಲ್‌ಗಿಂತ ಚಿಕ್ಕದಾಗಲು ಒಪ್ಪುವುದಿಲ್ಲ, 760 ಹಿಡಿಯುತ್ತದೆ. ಸಂದು 20. ಉಳಿದದ್ದು 160. ಅದೇ ಸೈಡ್‌ಬಾರ್‌ಗೆ ಸಿಗುವುದು.

ಎರಡೂ ಕಡೆ ಸರಿಮಾಡಬೇಕು. ಸೈಡ್‌ಬಾರ್‌ಗೆ ಫ್ಲೆಕ್ಸ್ 0 0 220 ಪಿಕ್ಸೆಲ್, ಅಂದರೆ ಹಿಗ್ಗಬೇಡ, ಕುಗ್ಗಬೇಡ, 220ರಲ್ಲೇ ಇರು. ಮುಖ್ಯ ಕಾಲಂಗೆ ಮಿನ್-ವಿಡ್ತ್ ಸೊನ್ನೆ. ಮೊದಲನೆಯದನ್ನು ಮಾತ್ರ ಮಾಡಿ ಎರಡನೆಯದನ್ನು ಬಿಟ್ಟರೆ ಮುಖ್ಯ ಕಾಲಂ 60 ಪಿಕ್ಸೆಲ್ ಹೊರಗೆ ಚಾಚುತ್ತದೆ. ಫ್ಲೆಕ್ಸ್-ರ‍್ಯಾಪ್ ಆನ್ ಆಗಿದ್ದರೆ ತೆಗೆದುಬಿಡಿ, ಕಾಲಂ ಕೆಳಗೆ ಬೀಳುವುದು ಅದರಿಂದಲೇ.

ಹಳೇ ಪುಟಗಳಲ್ಲಿ ಫ್ಲೋಟ್ (ಪೆಟ್ಟಿಗೆಯನ್ನು ಎಡಕ್ಕೋ ಬಲಕ್ಕೋ ಸರಿಸುವ ವಿಧಾನ) ಇರುತ್ತದೆ. ಅಲ್ಲಿ ಒಟ್ಟು 940ಕ್ಕಿಂತ ಒಂದೇ ಒಂದು ಪಿಕ್ಸೆಲ್ ಜಾಸ್ತಿಯಾದರೂ ಕೊನೆಯ ಕಾಲಂ ಕೆಳಗಿಳಿಯುತ್ತದೆ. ಬಾರ್ಡರ್-ಬಾಕ್ಸ್ ಹಾಕಿದ್ದರೆ ಮುಕ್ಕಾಲು ಪಾಲು ಸರಿಹೋಗುತ್ತದೆ. ಇನ್‌ಲೈನ್-ಬ್ಲಾಕ್ ಇದ್ದರೆ ಎರಡು ಟ್ಯಾಗ್‌ಗಳ ನಡುವಿನ ಖಾಲಿ ಜಾಗವೂ ಒಂದು ಅಕ್ಷರದಂತೆ ಸುಮಾರು 4 ಪಿಕ್ಸೆಲ್ ಹಿಡಿಯುತ್ತದೆ. ಅಂಥ ಪುಟವನ್ನು ತಿದ್ದುವುದಕ್ಕಿಂತ ಗ್ರಿಡ್‌ಗೆ ಬದಲಿಸುವುದೇ ಬೇಗ ಆಗುತ್ತದೆ ಅನ್ನೋದು ನನ್ನ ಅನುಭವ.

## ಹಂತ 7: ಒಳಗಿನ ವಸ್ತುಗಳು ಗೋಡೆ ಒಡೆಯದಂತೆ ನೋಡಿಕೊಳ್ಳಿ

ಚಿತ್ರಗಳಿಗೆ ಮ್ಯಾಕ್ಸ್-ವಿಡ್ತ್ 100%, ಹೈಟ್ ಆಟೋ ಕೊಡಿ. ಇಲ್ಲಿ ಶೇಕಡಾ ಬಳಸಿದರೆ ಭಯವಿಲ್ಲ. ಈಗ ಅದು ಕೇಳುವುದು 700ರ ಕಾಲಂ ಅನ್ನು, ವಿಂಡೋವನ್ನಲ್ಲ. ಜೊತೆಗೆ ಎಚ್‌ಟಿಎಂಎಲ್‌ನಲ್ಲೇ ಚಿತ್ರದ ಅಗಲ, ಎತ್ತರ ಬರೆಯಿರಿ. ಬರೆಯದಿದ್ದರೆ ಚಿತ್ರ ಬರುವವರೆಗೆ ಅದರ ಜಾಗ ಸೊನ್ನೆ, ಬಂದ ಕೂಡಲೇ ಕೆಳಗಿನ ಸಾಲುಗಳೆಲ್ಲ ಜಿಗಿಯುತ್ತವೆ.

ಉದ್ದನೆಯ ವೆಬ್ ವಿಳಾಸಗಳು, ಜಾಗ ಬಿಡದೆ ಬರೆದ ಪದಗಳು ಕಾಲಂ ದಾಟಿ ಹೋಗುತ್ತವೆ. ಓವರ್‌ಫ್ಲೋ-ರ‍್ಯಾಪ್ ಎನಿವೇರ್ ಕೊಟ್ಟರೆ ಮುರಿದು ಕೆಳಗಿಳಿಯುತ್ತವೆ.

ಟೇಬಲ್‌ಗಳದ್ದು ಬೇರೆಯೇ ಸ್ವಭಾವ. ಅವು ನೀವು ಕೊಟ್ಟ ಅಗಲಕ್ಕಿಂತ ಒಳಗಿನ ವಿಷಯಕ್ಕೇ ಬೆಲೆ ಕೊಡುತ್ತವೆ. ಟೇಬಲ್‌ಗೆ ವಿಡ್ತ್ 100%, ಟೇಬಲ್-ಲೇಔಟ್ ಫಿಕ್ಸೆಡ್ ಎರಡನ್ನೂ ಒಟ್ಟಿಗೆ ಕೊಡಿ. ವಿಡ್ತ್ ಇಲ್ಲದೆ ಫಿಕ್ಸೆಡ್ ಮಾತ್ರ ಕೊಟ್ಟರೆ ಕೆಲಸ ಮಾಡುವುದಿಲ್ಲ. ಮೊದಲ ಸಾಲಿನ ಕೋಶಗಳಿಗೆ ಅಗಲ ಕೊಟ್ಟರೆ ಉಳಿದ ಸಾಲುಗಳು ಅದನ್ನೇ ಪಾಲಿಸುತ್ತವೆ. ಟೇಬಲ್ ನಿಜವಾಗಲೂ 700ಕ್ಕೆ ಹಿಡಿಸದಿದ್ದರೆ ಅದನ್ನು ಒಂದು ಡಿವ್‌ನಲ್ಲಿ ಇಟ್ಟು, ಆ ಡಿವ್‌ಗೆ ಓವರ್‌ಫ್ಲೋ-ಎಕ್ಸ್ ಆಟೋ ಕೊಡಿ. ಟೇಬಲ್ ಮಾತ್ರ ಸ್ಕ್ರಾಲ್ ಆಗುತ್ತದೆ, ಪುಟ ನಿಂತಿರುತ್ತದೆ.

ಎತ್ತರದ ಬಗ್ಗೆ ಒಂದು ಕಳಕಳಿಯ ಮಾತು. ಅಗಲವನ್ನು ಕಟ್ಟಿಹಾಕಿದ ಉತ್ಸಾಹದಲ್ಲಿ ಪಠ್ಯ ಇರುವ ಪೆಟ್ಟಿಗೆಗಳಿಗೆ ಹೈಟ್ ಕೂಡ ಕೊಟ್ಟುಬಿಡಬೇಡಿ. ಓದುಗರು ಅಕ್ಷರ ದೊಡ್ಡದು ಮಾಡಿಕೊಂಡರೆ, ಅಥವಾ ನೀವು ಬಯಸಿದ ಫಾಂಟ್ ಬಾರದೆ ಬೇರೆ ಫಾಂಟ್ ಬಂದರೆ, ಸಾಲುಗಳು ಪೆಟ್ಟಿಗೆಯಿಂದ ಕೆಳಗೆ ಸುರಿದು ಮುಂದಿನ ಪೆಟ್ಟಿಗೆಯ ಮೇಲೆ ಬೀಳುತ್ತವೆ. ಎತ್ತರ ಬೇಕಿದ್ದರೆ ಮಿನ್-ಹೈಟ್ ಕೊಡಿ.

## ಹಂತ 8: ತೇಲುವ ವಸ್ತುಗಳಿಗೆ ಆಧಾರ ಕೊಡಿ

ಲೋಗೋ ಪಕ್ಕದ ಬಟನ್, ಚಿತ್ರದ ಮೇಲಿನ ಪಟ್ಟಿ ಇಂಥವಕ್ಕೆ ಪೊಸಿಷನ್ ಆ್ಯಬ್ಸೊಲ್ಯೂಟ್ ಕೊಟ್ಟು ರೈಟ್ 20 ಎಂದು ಬರೆಯುತ್ತೇವೆ. ಯಾವುದರ ಬಲ ಅಂಚಿನಿಂದ 20? ತನ್ನ ಹೊರಗಿರುವ ಪೆಟ್ಟಿಗೆಗಳಲ್ಲಿ ಪೊಸಿಷನ್ ಕೊಟ್ಟಿರುವ ಅತಿ ಹತ್ತಿರದ ಪೆಟ್ಟಿಗೆಯ ಅಂಚಿನಿಂದ. ಯಾವುದಕ್ಕೂ ಕೊಟ್ಟಿಲ್ಲದಿದ್ದರೆ ಸ್ಕ್ರಾಲ್ ಮಾಡುವ ಮುಂಚೆ ವಿಂಡೋದ ಅಂಚು ಎಲ್ಲಿತ್ತೋ ಅಲ್ಲಿಂದ. ಆಗ ವಿಂಡೋ ಎಳೆದ ಹಾಗೆಲ್ಲ ಬಟನ್ ಓಡಾಡುತ್ತದೆ. ಹೊರಪೆಟ್ಟಿಗೆಗೆ, ಅಥವಾ ಆ ಬಟನ್ ಇರುವ ಹತ್ತಿರದ ಪೆಟ್ಟಿಗೆಗೆ, ಪೊಸಿಷನ್ ರಿಲೇಟಿವ್ ಕೊಡಿ. ಬಟನ್ ತಕ್ಷಣ ನಿಲ್ಲುತ್ತದೆ.

ಮೇಲೆ ಅಂಟಿಕೊಂಡೇ ಇರುವ ಹೆಡರ್ ಬೇಕೆಂದರೆ ಪೊಸಿಷನ್ ಫಿಕ್ಸೆಡ್ ಬಿಟ್ಟು ಸ್ಟಿಕಿ ಬಳಸಿ, ಟಾಪ್ ಸೊನ್ನೆ ಕೊಡಿ. ಹೆಸರಲ್ಲಿ ಫಿಕ್ಸೆಡ್ ಇದೆ ಎಂದು ನಂಬಿ ಇದನ್ನು ಹಾಕಿದವರು ಬಹಳ. ಅದು ಅಂಟುವುದು ವಿಂಡೋಗೆ. ಸಣ್ಣ ವಿಂಡೋದಲ್ಲಿ ಪುಟವನ್ನು ಬಲಕ್ಕೆ ಎಳೆದರೂ ಹೆಡರ್ ಮಾತ್ರ ಕದಲುವುದಿಲ್ಲ, ಅದರ ಬಲಗಡೆಯ ಲಿಂಕ್‌ಗಳು ಯಾವತ್ತೂ ಸಿಗುವುದಿಲ್ಲ. ಸ್ಟಿಕಿ ಮೇಲೆ ಅಂಟುತ್ತದೆ, ಅಡ್ಡಕ್ಕೆ ಪುಟದ ಜೊತೆ ಚಲಿಸುತ್ತದೆ.

## ಹಂತ 9: ಮೊಬೈಲ್‌ಗೆ ಒಂದು ತೀರ್ಮಾನ ಮಾಡಿ

ಎಚ್‌ಟಿಎಂಎಲ್ ಫೈಲ್‌ನಲ್ಲಿ ವ್ಯೂಪೋರ್ಟ್ ಮೆಟಾ ಟ್ಯಾಗ್ ನೋಡಿ. ಪುಟದ ಅಗಲ ಎಷ್ಟೆಂದು ಫೋನ್‌ಗೆ ಹೇಳುವ ಸಾಲು ಅದು. ಅಲ್ಲಿ ವಿಡ್ತ್ ‘ಡಿವೈಸ್-ವಿಡ್ತ್’ ಎಂದಿದ್ದರೆ 360 ಪಿಕ್ಸೆಲ್‌ನ ಫೋನ್ ಪುಟವನ್ನು 360 ಎಂದುಕೊಳ್ಳುತ್ತದೆ, ನಿಮ್ಮ 940 ಹೊರಗೆ ಚಾಚುತ್ತದೆ. ಅಲ್ಲಿ ವಿಡ್ತ್ 940 ಎಂದು ಬರೆದರೆ ಫೋನ್ ಇಡೀ ಪುಟವನ್ನು ಕುಗ್ಗಿಸಿ ತೋರಿಸುತ್ತದೆ. ಯಾವುದೂ ಜಾರುವುದಿಲ್ಲ. ಆದರೆ 360ನ್ನು 940ರಿಂದ ಭಾಗಿಸಿ ನೋಡಿ, 0.38. ನಿಮ್ಮ 16 ಪಿಕ್ಸೆಲ್ ಅಕ್ಷರ ಸುಮಾರು 6 ಪಿಕ್ಸೆಲ್‌ನಷ್ಟು ಕಾಣುತ್ತದೆ. ಬೆರಳಲ್ಲಿ ಹಿಗ್ಗಿಸಿ ಓದಬೇಕು. ಹಾಗಾಗಿ ಹಿಗ್ಗಿಸುವುದನ್ನು ತಡೆಯುವ ಯಾವ ಆಯ್ಕೆಯನ್ನೂ ಆ ಟ್ಯಾಗ್‌ನಲ್ಲಿ ಹಾಕಬೇಡಿ. ಫೋನ್‌ನಿಂದ ಬರುವವರು ಜಾಸ್ತಿ ಇದ್ದರೆ ಹಂತ 1ಕ್ಕೆ ಹಿಂತಿರುಗಿ ಇನ್ನೊಮ್ಮೆ ಯೋಚಿಸಿ.

ಪ್ರಿಂಟ್ ತೆಗೆಯುವ ಪುಟವಾದರೆ ಪ್ರಿಂಟ್‌ಗೆ ಬೇರೆ ಸ್ಟೈಲ್ ಬರೆದು ಬಾಡಿ, ಹೊರಪೆಟ್ಟಿಗೆ ಎರಡರ ಅಗಲವನ್ನೂ ಬಿಡಿಸಿ. ಎ4 ಹಾಳೆಯ ಅಗಲ 210 ಮಿಲಿಮೀಟರ್, ಸಿಎಸ್‌ಎಸ್ ಲೆಕ್ಕದಲ್ಲಿ ಸುಮಾರು 794 ಪಿಕ್ಸೆಲ್. 940 ಅದರಲ್ಲಿ ಹಿಡಿಸುವುದಿಲ್ಲ.

## ಈ ಅಡ್ಡದಾರಿಗಳು ಬೇಡ

ಬಾಡಿಗೆ ಓವರ್‌ಫ್ಲೋ-ಎಕ್ಸ್ ಹಿಡನ್ ಕೊಟ್ಟರೆ ಅಡ್ಡ ಸ್ಕ್ರಾಲ್‌ಬಾರ್ ಮಾಯವಾಗುತ್ತದೆ, ನಿಜ. ಅದರ ಜೊತೆಗೆ ಬಲಗಡೆಯ ವಿಷಯವೂ ಕೈಗೆ ಸಿಗದಂತಾಗುತ್ತದೆ. ಸ್ಥಿರ ಅಗಲದ ಪುಟದಲ್ಲಿ ಸಣ್ಣ ವಿಂಡೋಗೆ ಆ ಸ್ಕ್ರಾಲ್‌ಬಾರ್ ಬೇಕೇ ಬೇಕು. ಅದೊಂದೇ ದಾರಿ.

ಜಾವಾಸ್ಕ್ರಿಪ್ಟ್‌ನಿಂದ ವಿಂಡೋ ಅಳತೆಯನ್ನೇ ಹಿಡಿದಿಡಲು ಕೆಲವರು ಹೊರಡುತ್ತಾರೆ. ಸ್ಕ್ರಿಪ್ಟ್ ತಾನೇ ತೆರೆದ, ಒಂದೇ ಟ್ಯಾಬ್ ಇರುವ ವಿಂಡೋ ಬಿಟ್ಟು ಬೇರೆ ವಿಂಡೋಗಳ ಅಳತೆ ಬದಲಿಸಲು ಬ್ರೌಸರ್‌ಗಳು ಬಿಡುವುದಿಲ್ಲ. ಬಿಡಬಾರದು ಕೂಡ. ವಿಂಡೋ ಓದುಗರದ್ದು, ಪುಟ ಮಾತ್ರ ನಮ್ಮದು.

ಜೂಮ್ ಮಾಡಿದಾಗ ಪುಟ ದೊಡ್ಡದಾಗುವುದನ್ನು ತಡೆಯಲೂ ಹೋಗಬೇಡಿ. 1366ರ ಸ್ಕ್ರೀನ್‌ನಲ್ಲಿ 200% ಜೂಮ್ ಎಂದರೆ ಪುಟಕ್ಕೆ ಸಿಗುವುದು 683. ಅಡ್ಡ ಸ್ಕ್ರಾಲ್ ಬರುತ್ತದೆ. ಅದು ತಪ್ಪಲ್ಲ, ಸರಿಯಾದ ನಡವಳಿಕೆ.

## ಹಂತ 10: ಪರೀಕ್ಷೆ

ವಿಂಡೋವನ್ನು ಪೂರ್ತಿ ಅಗಲದಿಂದ ನಿಧಾನವಾಗಿ ಒಳಗೆ ಎಳೆಯಿರಿ. 940ರವರೆಗೆ ಎರಡೂ ಬದಿಯ ಖಾಲಿ ಜಾಗ ಮಾತ್ರ ಕಡಿಮೆಯಾಗಬೇಕು. ಅಲ್ಲಿಂದ ಕೆಳಗೆ ಏನೂ ಕದಲದೆ ಅಡ್ಡ ಸ್ಕ್ರಾಲ್‌ಬಾರ್ ಬರಬೇಕು. ವಿಂಡೋ ಒಂದು ಮಟ್ಟಕ್ಕಿಂತ ಚಿಕ್ಕದಾಗದಿದ್ದರೆ ಡೆವಲಪರ್ ಟೂಲ್ಸ್‌ನ ರೆಸ್ಪಾನ್ಸಿವ್ ಮೋಡ್ ಬಳಸಿ.

ಕಣ್ಣಳತೆ ಸಾಲದು, ಅಂಕಿಯಲ್ಲೂ ನೋಡಿ. ವಿಂಡೋ 700ರಲ್ಲಿರುವಾಗ ಡೆವಲಪರ್ ಟೂಲ್ಸ್‌ನ ಕನ್ಸೋಲ್‌ನಲ್ಲಿ ಡಾಕ್ಯುಮೆಂಟ್‌ಎಲಿಮೆಂಟ್‌ನ ಸ್ಕ್ರಾಲ್‌ವಿಡ್ತ್ ಎಷ್ಟಿದೆ ಎಂದು ಕೇಳಿ. ಉತ್ತರ ಸರಿಯಾಗಿ 940 ಬರಬೇಕು. 1000 ಬಂದರೆ ಯಾವುದೋ ವಸ್ತು 60 ಪಿಕ್ಸೆಲ್ ಹೊರಗಿದೆ. ಬಲ ಅಂಚಿಗೆ ಸ್ಕ್ರಾಲ್ ಮಾಡಿ, 940ರ ಗೆರೆ ದಾಟಿ ಚಾಚಿರುವ ಕೆಂಪು ಪೆಟ್ಟಿಗೆ ಯಾವುದು ಎಂದು ನೋಡಿ.

ಕಂಡ ಲಕ್ಷಣದಿಂದ ಕಾರಣಕ್ಕೆ ಹೋಗುವ ದಾರಿ ಹೀಗೆ:

- ದೊಡ್ಡ ವಿಂಡೋದಲ್ಲೂ ಹತ್ತು ಹದಿನೈದು ಪಿಕ್ಸೆಲ್‌ನ ಅಡ್ಡ ಸ್ಕ್ರಾಲ್ ಬರುತ್ತಿದೆ: ಎಲ್ಲೋ 100ವಿಡಬ್ಲ್ಯೂ ಬಳಸಿದ್ದೀರಿ. ಅದು ಸ್ಕ್ರಾಲ್‌ಬಾರ್‌ನ ಜಾಗವನ್ನೂ ಸೇರಿಸಿ ಲೆಕ್ಕ ಹಾಕುತ್ತದೆ.
- ಎಡಗಡೆಯ ಅಕ್ಷರಗಳು ಕತ್ತರಿಸಿವೆ, ಸ್ಕ್ರಾಲ್ ಮಾಡಿದರೂ ಸಿಗುತ್ತಿಲ್ಲ: ಹಂತ 4.
- ಮೆನು ಮಾತ್ರ ಎರಡು ಸಾಲಾಗುತ್ತಿದೆ: ಮೆನು ಹೊರಪೆಟ್ಟಿಗೆಯ ಹೊರಗೆ ಉಳಿದಿದೆ, ಅಥವಾ ಅದರ ವಿಷಯವೇ 940 ದಾಟಿದೆ.
- ಒಂದು ನಿರ್ದಿಷ್ಟ ಅಗಲಕ್ಕೆ ಬಂದ ಕೂಡಲೇ ಎಲ್ಲ ಒಟ್ಟಿಗೆ ಬದಲಾಗುತ್ತಿದೆ: ಹಳೆಯ ಮೀಡಿಯಾ ಕ್ವೆರಿ (ವಿಂಡೋ ಅಗಲ ನೋಡಿ ಸ್ಟೈಲ್ ಬದಲಿಸುವ ನಿಯಮ) ಅಥವಾ ಫ್ರೇಮ್‌ವರ್ಕ್‌ನದ್ದು ಇನ್ನೂ ಉಳಿದಿದೆ.

ಕೊನೆಗೆ ಫೈರ್‌ಫಾಕ್ಸ್‌ನಲ್ಲಿ ಅಕ್ಷರಗಳನ್ನು ಮಾತ್ರ ಜೂಮ್ ಮಾಡುವ ಆಯ್ಕೆ ಆನ್ ಮಾಡಿ, 200%ಗೆ ಏರಿಸಿ. ಯಾವ ಸಾಲೂ ಇನ್ನೊಂದರ ಮೇಲೆ ಬೀಳಬಾರದು. ಬಿದ್ದರೆ ಎಲ್ಲೋ ಹೈಟ್ ಉಳಿದಿದೆ, ಹುಡುಕಿ ತೆಗೆಯಿರಿ. ಇದನ್ನೆಲ್ಲ ಎರಡನೇ ಬ್ರೌಸರ್‌ನಲ್ಲೂ ಒಮ್ಮೆ ಮಾಡಿ. ಆಮೇಲೆ ಆ ಕೆಂಪು ಔಟ್‌ಲೈನ್ ಸಾಲನ್ನು ಅಳಿಸಿ, ಫೈಲ್ ಸೇವ್ ಮಾಡಿ.